ಗಾಂಧೀಜಿಯ ಬೊಚ್ಚುಬಾಯಿ ನಗು: ಹಲ್ಲಿನ ಇಂಪ್ಲಾಂಟ್ ಬಗ್ಗೆ ಯಾವಾಗ ಯೋಚಿಸಬೇಕು?

ಗಾಂಧೀಜಿ ಎಂದ ಕೂಡಲೇ ನಮಗೆ ನೆನಪಾಗುವುದು ಕನ್ನಡಕ, ಕೋಲು ಮತ್ತು ಬೊಚ್ಚುಬಾಯಿಯ ನಗು. ಆ ನಗು ಎಷ್ಟು ಪರಿಚಿತವೆಂದರೆ, ಅದರ ಹಿಂದೆ ಹಲ್ಲು ಕಳೆದುಕೊಂಡ ಒಬ್ಬ ಮನುಷ್ಯರಿದ್ದರು ಎಂಬುದನ್ನೇ ಮರೆತುಬಿಡುತ್ತೇವೆ.

ಮೋಹನದಾಸ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಹುಡುಗನಾಗಿದ್ದಾಗ ಚಿಕ್ಕಪ್ಪ ಸೇದಿ ಎಸೆದ ಸಿಗರೇಟಿನ ತುಂಡುಗಳನ್ನು ಕದ್ದು ಸೇದಿದ್ದುಂಟು. ಆಮೇಲೆ ತಂಬಾಕನ್ನು ಬಿಟ್ಟವರು ಮತ್ತೆ ಮುಟ್ಟಲಿಲ್ಲ. ದಕ್ಷಿಣ ಆಫ್ರಿಕಾದಿಂದ ಮರಳಿ 1915ರಲ್ಲಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ಆರಂಭಿಸಿದರು. 1917ರಲ್ಲಿ ಆಶ್ರಮ ಸಾಬರಮತಿ ನದಿಯ ದಡಕ್ಕೆ ಬಂತು.

ಅವರ ಆರೋಗ್ಯ ಹಲವು ಸಲ ಕೈಕೊಟ್ಟಿತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಆಮಶಂಕೆಯಿಂದ ಸಾವಿನ ಅಂಚಿಗೆ ಹೋಗಿ ಬಂದರು. 1924ರಲ್ಲಿ ಪುಣೆಯಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. 1927ರಲ್ಲಿ ಕುಸಿದಾಗ ಚೇತರಿಸಿಕೊಳ್ಳಲು ನಮ್ಮ ನಂದಿಬೆಟ್ಟಕ್ಕೆ ಬಂದಿದ್ದರು. ಆದರೂ 1930ರಲ್ಲಿ, 60ನೇ ವಯಸ್ಸಿನಲ್ಲಿ, ಸಾಬರಮತಿಯಿಂದ ದಂಡಿಯವರೆಗೆ ಸುಮಾರು 385 ಕಿಲೋಮೀಟರ್ ದೂರವನ್ನು 24 ದಿನಗಳಲ್ಲಿ ನಡೆದರು.

ಇಷ್ಟು ಗಟ್ಟಿ ಮನಸ್ಸಿನವರಿಗೂ ಹಲ್ಲು ಉಳಿಯಲಿಲ್ಲ. ಅರವತ್ತು ದಾಟುವ ಹೊತ್ತಿಗೆ ಮುಂದಿನ ಹಲ್ಲುಗಳು ಹೋಗಿದ್ದವು. ಹಲ್ಲಿನ ಸೆಟ್ ಇತ್ತು, ಅದನ್ನು ಊಟದ ಹೊತ್ತಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. 1932ರಲ್ಲಿ ಯರವಡಾ ಜೈಲಿನಲ್ಲಿ ಜೊತೆಗಿದ್ದ ಸರ್ದಾರ್ ವಲ್ಲಭಭಾಯಿ ಪಟೇಲರು ಅವರಿಗಾಗಿ ಹಲ್ಲುಜ್ಜುವ ಕಡ್ಡಿಯನ್ನು ಸಿದ್ಧಮಾಡಿ ಕೊಡುತ್ತಿದ್ದರು. ಅಹಮದಾಬಾದ್ ನಗರಸಭೆಯ ಅಧ್ಯಕ್ಷರಾಗಿದ್ದವರು ಅಲ್ಲಿ ತಾಯಿಯಂತೆ ಆರೈಕೆ ಮಾಡಿದರು. ಉಳಿದಿರುವ ಕೆಲವೇ ಹಲ್ಲುಗಳಿಗೂ ಶುಚಿ ಬೇಕು ಎಂಬುದು ಅವರಿಬ್ಬರಿಗೂ ಗೊತ್ತಿತ್ತು.

1948ರ ಜನವರಿ 30ರಂದು ಗಾಂಧೀಜಿ ತೀರಿಕೊಂಡರು. ದವಡೆಯ ಮೂಳೆಗೆ ಬೆಸೆದುಕೊಳ್ಳುವ ಟೈಟಾನಿಯಂ ಇಂಪ್ಲಾಂಟನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಹಾಕಿದ್ದು 1965ರಲ್ಲಿ. ಗಾಂಧೀಜಿಯ ಕಾಲದಲ್ಲಿ ಈ ಆಯ್ಕೆ ಇರಲಿಲ್ಲ. ನಮಗೆ ಇದೆ.

ಯಾವಾಗ ಯೋಚಿಸಬೇಕು?

ಗಾಂಧೀಜಿಯ ಸರಳ ಊಟ ಅವರೇ ಆರಿಸಿಕೊಂಡ ವ್ರತ. ಆದರೆ ಮನೆಯ ಹಿರಿಯರು ರೊಟ್ಟಿ, ಕಡಲೆ, ಹಸಿ ತರಕಾರಿ ಬಿಟ್ಟು ಬರೀ ಖಿಚಡಿ, ಮೆತ್ತಗಿನ ಅನ್ನ ತಿನ್ನತೊಡಗಿದರೆ ಅದನ್ನು ವಯಸ್ಸಿನ ಸಹಜ ಗುಣವೆಂದು ಬಿಡಬೇಡಿ. ಹೀಗಿದ್ದರೆ ದಂತವೈದ್ಯರನ್ನು ಕಾಣಿ:

• ಒಂದು ಅಥವಾ ಹೆಚ್ಚು ಹಲ್ಲು ಬಿದ್ದು ಒಂದೇ ಪಕ್ಕದಲ್ಲಿ ಅಗಿಯುವಂತಾಗಿದ್ದರೆ.
• ಹಲ್ಲಿನ ಸೆಟ್ ಸಡಿಲವಾಗಿ ಜಾರುತ್ತಿದ್ದರೆ ಅಥವಾ ಹುಣ್ಣು ಮಾಡುತ್ತಿದ್ದರೆ. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಇಟ್ಟರೂ ಸೆಟ್ ಗಟ್ಟಿಯಾಗಿ ಕೂರಬಹುದು.
• ಹಲ್ಲು ಮುರಿದು ಬೇರಿನವರೆಗೆ ಸೀಳಿದ್ದರೆ. ಬೇರು ಗಟ್ಟಿಯಾಗಿದ್ದರೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಸ್ವಂತ ಹಲ್ಲನ್ನೇ ಉಳಿಸಿಕೊಳ್ಳುವುದು ಮೊದಲ ಆಯ್ಕೆ.

ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆ ಕ್ರಮೇಣ ಕರಗುತ್ತದೆ. ತಡಮಾಡಿದರೆ ಮೂಳೆ ತುಂಬಿಸುವ ಹೆಚ್ಚುವರಿ ಚಿಕಿತ್ಸೆ ಬೇಕಾಗಬಹುದು. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುತ್ತದೆ.

ಮೊದಲು ಏನು ಸರಿಯಾಗಬೇಕು?

ವಸಡಿನ ಕಾಯಿಲೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು, ಗುಟ್ಕಾ, ಗುಜರಾತಿನಲ್ಲಿ ಮಾವಾ ಎನ್ನುವ ತಂಬಾಕು ಬೆರೆಸಿದ ಅಡಿಕೆ, ಇವೆಲ್ಲ ಬಾಯಿಯ ಆರೋಗ್ಯ ಕೆಡಿಸುತ್ತವೆ. ಧೂಮಪಾನಿಗಳಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವ ಹೆಚ್ಚು. ವಯಸ್ಸು ಹೆಚ್ಚಾಗಿರುವುದೊಂದೇ ಅಡ್ಡಿಯಲ್ಲ. ಆದರೆ ದವಡೆ ಇನ್ನೂ ಬೆಳೆಯುತ್ತಿರುವ ಮಕ್ಕಳು ಕಾಯಬೇಕು.

ಫಾರ್ಮಸಿಸ್ಟ್ ಆಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಂತವೈದ್ಯರ ಬಳಿ ಹೋಗುವಾಗ ನಿಮ್ಮ ಎಲ್ಲ ಔಷಧಿಗಳ ಚೀಟಿ ಒಯ್ಯಿರಿ. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಪಡೆದಿದ್ದರೆ, ಈಗ ನಿಲ್ಲಿಸಿದ್ದರೂ, ತಪ್ಪದೆ ತಿಳಿಸಿ. ಇವುಗಳಿಂದ ದವಡೆಯ ಗಾಯ ಮಾಯದಿರುವ ಅಪಾಯವಿದೆ. ಮುಖಕ್ಕೆ ಅಥವಾ ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೂ ಹೇಳಿ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಸೂರತ್, ವಡೋದರಾ, ಅಹಮದಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಭಾಷೆಯ ಅಳುಕಿನಿಂದ ಭೇಟಿ ಮುಂದೂಡುವುದು ಬೇಡ. ಇಂಪ್ಲಾಂಟ್, ಬ್ರಿಡ್ಜ್, ಸೆಟ್ ಮೂರರ ಖರ್ಚು, ಅವಧಿ, ಆರೈಕೆಗಳನ್ನು ಬರೆದು ಕೊಡುವಂತೆ ಕೇಳಿ. ಅಹಮದಾಬಾದಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯೂ ಇದೆ. ಎಲ್ಲರಿಗೂ ಇಂಪ್ಲಾಂಟೇ ಬೇಕೆಂದಿಲ್ಲ. ಚೆನ್ನಾಗಿ ಕೂರುವ ಸೆಟ್ ಕೂಡ ಒಳ್ಳೆಯ ಪರಿಹಾರವೇ.

ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ವಸಡು ಸೋಂಕಾದರೆ ಅದೂ ಅಲುಗಾಡುತ್ತದೆ. ದಿನಕ್ಕೆರಡು ಸಲ ಉಜ್ಜಲೇಬೇಕು. ಕೈಲಾಗದವರಿಗೆ ಮನೆಯವರು ನೆರವಾಗಬೇಕು, ಜೈಲಿನಲ್ಲಿ ಪಟೇಲರು ಗಾಂಧೀಜಿಗೆ ಆದಂತೆ.