ಬಮಾಕೋದ ಛಾಯಾಗ್ರಾಹಕ ಸೇದು ಕೇಟಾ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೋ. 1921ರ ಸುಮಾರಿಗೆ ಅಲ್ಲಿ ಹುಟ್ಟಿದ ಸೇದು ಕೇಟಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಾಲ್ಯದಲ್ಲೇ ಮನೆತನದ ಮರಗೆಲಸಕ್ಕೆ ಕೈ ಹಚ್ಚಿದರು. 1935ರಲ್ಲಿ ಮನೆಯ ಹಿರಿಯರೊಬ್ಬರು ಸೆನೆಗಲ್‌ನಿಂದ ಒಂದು ಕೊಡಕ್ ಬ್ರೌನಿ ಕ್ಯಾಮೆರಾ ತಂದುಕೊಟ್ಟರು. ಹುಡುಗನ ದಾರಿ ಅಲ್ಲಿಂದ ಬದಲಾಯಿತು. ಮುಂದೆ ಮೌಂಟಗಾ ಡೆಂಬೆಲೆ ಎಂಬ ಹಿರಿಯ ಛಾಯಾಗ್ರಾಹಕರ ಬಳಿ ಫಿಲ್ಮ್ ತೊಳೆಯುವುದನ್ನೂ ಪ್ರತಿ ತೆಗೆಯುವುದನ್ನೂ ಕಲಿತರು.

1948ರಲ್ಲಿ ಸೆರೆಮನೆಯ ಸಮೀಪ ಸ್ವಂತ ಸ್ಟುಡಿಯೋ ತೆರೆದರು. ರೈಲು ನಿಲ್ದಾಣವೂ ದೂರವಿರಲಿಲ್ಲವಾದ್ದರಿಂದ ಗಿರಾಕಿಗಳಿಗೆ ಬರವಿರಲಿಲ್ಲ. ಆಗ ಅದು ಫ್ರೆಂಚರ ಆಳ್ವಿಕೆಯ ನಾಡು. ಆಳುವವರು ತೆಗೆಸಿದ ಚಿತ್ರಗಳಲ್ಲಿ ಆಫ್ರಿಕಾದ ಜನರು ಹೆಚ್ಚಾಗಿ ನೋಟದ ವಸ್ತುಗಳು. ಕೇಟಾ ಅವರ ಮುಂದೆ ಕುಳಿತವರಾದರೋ ತಾವು ಹೇಗೆ ಕಾಣಬೇಕೆಂದು ತಾವೇ ಬಯಸಿ ಬಂದವರು. ಅವರ ಕೆಲಸದ ನಿಜವಾದ ಹಿರಿಮೆ ಇದೇ ಎಂದು ನನಗನಿಸುತ್ತದೆ.

ಅಂಗಳದ ಹಗಲು ಬೆಳಕೇ ದೀಪ. ಹಿನ್ನೆಲೆಗೆ ಮೊದಲು ಕಟ್ಟಿದ್ದು ತಮ್ಮದೇ ಮಂಚದ ಹೊದಿಕೆ! ಎರಡು ಮೂರು ವರ್ಷಕ್ಕೊಮ್ಮೆ ಬಟ್ಟೆ ಬದಲಾಗುತ್ತಿತ್ತು. ಚಿತ್ರ ಯಾವ ಕಾಲದ್ದೆಂದು ಹೇಳಲು ಮುಂದೆ ಅದೇ ಗುರುತಾಯಿತು. ಕೈಗಡಿಯಾರ, ಪೆನ್ನು, ರೇಡಿಯೋ, ಸ್ಕೂಟರ್, ಸೂಟು, ಟೈ ಎಲ್ಲವೂ ಸ್ಟುಡಿಯೋದಲ್ಲೇ ಇದ್ದವು. ಇಲ್ಲದವರು ಎರವಲು ಪಡೆದು ನಿಲ್ಲಬಹುದಿತ್ತು. ಫಿಲ್ಮ್ ದುಬಾರಿ, ಆದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಲ ಗುಂಡಿ ಒತ್ತುತ್ತಿದ್ದರು. ಕೈ ಎಲ್ಲಿಡಬೇಕು, ಮುಖ ಎಷ್ಟು ವಾಲಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕಿತ್ತು. ಅಷ್ಟಾದರೂ ಆ ಮುಖಗಳಲ್ಲಿ ಬಿಗುವಿಲ್ಲ.

1960ರಲ್ಲಿ ಮಾಲಿ ಸ್ವತಂತ್ರವಾಯಿತು. ಹೊಸ ಸರ್ಕಾರ ಕೇಟಾ ಅವರನ್ನು ತನ್ನ ಛಾಯಾಗ್ರಾಹಕರನ್ನಾಗಿ ಕರೆಸಿಕೊಂಡಿತು. ಸ್ಟುಡಿಯೋ ಬಾಗಿಲು ಮುಚ್ಚಿತು. 1977ರಲ್ಲಿ ನಿವೃತ್ತರಾದ ಮೇಲೆ ಕ್ಯಾಮೆರಾ ಬದಿಗಿಟ್ಟು ಮೋಟಾರು ದುರಸ್ತಿಯಲ್ಲಿ ತೊಡಗಿದರು. ಆದರೆ ಸಾವಿರಾರು ನೆಗೆಟಿವ್‌ಗಳನ್ನು ಜೋಪಾನವಾಗಿ ಕಾಪಾಡಿದ್ದರು.

1991ರಲ್ಲಿ ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ ಅವರ ಕೆಲವು ಚಿತ್ರಗಳು ಗೋಡೆಗೇರಿದವು. ತೆಗೆದವರ ಹೆಸರಿನ ಜಾಗದಲ್ಲಿ ಅಜ್ಞಾತ ಎಂದಿತ್ತು. ಅವನ್ನು ಕಂಡ ಆಂದ್ರೆ ಮಾನ್ಯಾಂ ಎಂಬ ಫ್ರೆಂಚ್ ಕಲಾಸಕ್ತರು ಬಮಾಕೋಗೆ ಹೋಗಿ ವಿಚಾರಿಸಿದರು. ಊರಿನಲ್ಲಿ ಕೇಟಾ ಅಜ್ಞಾತರೇನೂ ಆಗಿರಲಿಲ್ಲ, ಸಿಕ್ಕರು. 1994ರಲ್ಲಿ ಪ್ಯಾರಿಸ್‌ನಲ್ಲಿ ಅವರದೇ ಹೆಸರಿನಲ್ಲಿ ಪ್ರದರ್ಶನ ನಡೆಯಿತು. ಅಂಗೈಯಗಲದ ಪ್ರತಿಗಳಾಗಿ ಮನೆಗಳಿಗೆ ಹೋಗಿದ್ದ ಮುಖಗಳು ಅಲ್ಲಿ ಬಹಳ ದೊಡ್ಡದಾಗಿ ಕಂಡವು. 2001ರಲ್ಲಿ ಪ್ಯಾರಿಸ್‌ನಲ್ಲಿಯೇ ಅವರು ತೀರಿಕೊಂಡರು.