ಯಾರೂ ನೋಡದ ಒಂದು ಹೊಡೆತ: ಬಾಬಿ ಜೋನ್ಸ್ ಅವರ ಬದುಕು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನ ಪರಿಚಯ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯಲೇ ಎಂದು ಕೇಳಿದೆ. ಭದ್ರಾವತಿಯ ಪಕ್ಕದ ಶಾಲೆಯಲ್ಲವೇ, ಆ ಲೇಖನಗಳು ಆಗಲೇ ಮೂರು ಬಂದಿದ್ದವಂತೆ. ಕುವೆಂಪು ಅವರ ಬಗ್ಗೆ ಇನ್ನೂ ಹೆಚ್ಚು. ಹಾಗಾಗಿ ನಮ್ಮೂರಿನವರು ಯಾರೂ ಆಡದ ಒಂದು ಆಟದ, ನಮ್ಮೂರಿನವರು ಅಷ್ಟಾಗಿ ಕೇಳಿರದ ಒಬ್ಬ ಆಟಗಾರರ ಕಥೆಯನ್ನು ಬರೆಯುತ್ತಿದ್ದೇನೆ. ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ, ಗಾಲ್ಫ್ ಪಂದ್ಯಗಳ ಸ್ಕೋರ್ ದಾಖಲಿಸುವ ಒಂದು ತಂತ್ರಾಂಶದ ಕೆಲಸ ನನ್ನ ಪಾಲಿಗೆ ಬಂತು. ಆಟಗಾರ ಲಾಗಿನ್ ಆಗಲು ಒಂದು ಪುಟ, ಜೊತೆ ಆಟಗಾರನಿಗೆ ಒಂದು ಪುಟ ಮಾಡಿದ್ದಾಯಿತು. ಅಂಪೈರ್ ಲಾಗಿನ್ ಆಗುವ ಪುಟ ಎಲ್ಲಿ ಎಂದು ಕೇಳಿದೆ. ಅಂಥದ್ದು ಬೇಕಿಲ್ಲ ಎಂಬ ಉತ್ತರ ಬಂತು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ಅರ್ಥವೇ ಆಗಲಿಲ್ಲ. ಅಂಪೈರ್ ಕೈ ಎತ್ತದೆ ಔಟ್ ಆಗುವುದು ಹೇಗೆ?

ಗಾಲ್ಫ್ ನೂರು ಎಕರೆಗೂ ಮಿಗಿಲಾದ ಬಯಲಿನಲ್ಲಿ ನಡೆಯುತ್ತದೆ. 18 ಕುಳಿಗಳು. ಕೋಲಿನಿಂದ ಚೆಂಡು ಹೊಡೆಯುತ್ತಾ ಒಂದೊಂದೇ ಕುಳಿಗೆ ಬೀಳಿಸುತ್ತಾ ಹೋಗಬೇಕು. ಯಾರ ಹೊಡೆತ ಕಡಿಮೆಯೋ ಅವರು ಗೆದ್ದಂತೆ. ದೊಡ್ಡ ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಜನ ಬಯಲಿನ ತುಂಬ ಚದುರಿರುತ್ತಾರೆ. ನಿಯಮ ಬಿಡಿಸಿ ಹೇಳಲು ರೆಫರಿಗಳು ಇರುತ್ತಾರೆ ನಿಜ, ಆದರೆ ಪ್ರತಿಯೊಬ್ಬರ ಪ್ರತಿಯೊಂದು ಚೆಂಡಿನ ಪಕ್ಕ ನಿಲ್ಲುವುದು ಯಾರಿಂದಲೂ ಆಗದು. ಆದ್ದರಿಂದ ತಪ್ಪಾದರೆ ಆಟಗಾರ ತಾನೇ ಹೇಳಿ, ತಾನೇ ತನ್ನ ಲೆಕ್ಕಕ್ಕೆ ದಂಡದ ಹೊಡೆತ ಸೇರಿಸಿಕೊಳ್ಳಬೇಕು. ಒಬ್ಬರ ಕಾರ್ಡನ್ನು ಜೊತೆಯವರು ಬರೆಯುತ್ತಾರೆ, ಕೊನೆಗೆ ಆಟಗಾರ ನೋಡಿ ಸಹಿ ಹಾಕಿ ಒಪ್ಪಿಸಬೇಕು. ಒಂದು ಕುಳಿಗೆ ನಿಜಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಅನರ್ಹ. ಹೆಚ್ಚು ಬರೆದಿದ್ದಕ್ಕೆ ಸಹಿ ಹಾಕಿದರೆ ಆ ಹೆಚ್ಚೇ ಖಾಯಂ. ಈ ನಿಯಮಗಳನ್ನು ಓದುವಾಗ ಮತ್ತೆ ಮತ್ತೆ ಕಣ್ಣಿಗೆ ಬಿದ್ದ ಹೆಸರು ಬಾಬಿ ಜೋನ್ಸ್.

ರಾಬರ್ಟ್ ಟೈರ್ ಜೋನ್ಸ್ ಹುಟ್ಟಿದ್ದು 1902ರ ಮಾರ್ಚ್ 17ರಂದು, ಅಮೆರಿಕದ ಅಟ್ಲಾಂಟಾ ನಗರದಲ್ಲಿ. ತಂದೆ ವಕೀಲರು. ಮಗು ಬಹಳ ಅಶಕ್ತ. ಐದು ವರ್ಷದವರೆಗೆ ಗಟ್ಟಿ ಆಹಾರ ಜೀರ್ಣವಾಗುತ್ತಿರಲಿಲ್ಲ. ಹವಾ ಬದಲಾಗಲಿ ಎಂದು ಮನೆಯವರು ಬೇಸಿಗೆಗೆ ಈಸ್ಟ್ ಲೇಕ್ ಎಂಬಲ್ಲಿ ಮನೆ ಹಿಡಿದರು. ಮನೆಯ ಪಕ್ಕದಲ್ಲೇ ಗಾಲ್ಫ್ ಮೈದಾನ. ಅಲ್ಲಿ ಸ್ಟುವರ್ಟ್ ಮೇಡನ್ ಎಂಬ ಸ್ಕಾಟ್ಲೆಂಡಿನ ಆಟಗಾರರ ಹಿಂದೆ ಹಿಂದೆ ಓಡಾಡಿ, ಅವರು ಹೊಡೆಯುವುದನ್ನು ನೋಡಿ, ಹುಡುಗ ಆಟ ಕಲಿತ. ಕೂರಿಸಿ ಪಾಠ ಹೇಳಿದವರಿಲ್ಲ. 14ನೇ ವಯಸ್ಸಿಗೆ, 1916ರಲ್ಲಿ, ಅಮೆರಿಕದ ರಾಷ್ಟ್ರೀಯ ಅಮೆಚೂರ್ ಪಂದ್ಯಾವಳಿಯಲ್ಲಿ ಆಡಿದ.

ಈ ಹುಡುಗ ಮೊದಲಿಂದಲೂ ಸಂಭಾವಿತನಾಗಿದ್ದ ಎಂದುಕೊಂಡರೆ ತಪ್ಪು. ಮೂಗಿನ ತುದಿಯಲ್ಲೇ ಕೋಪ. ಹೊಡೆತ ಕೆಟ್ಟರೆ ಕೋಲನ್ನೇ ಎಸೆಯುತ್ತಿದ್ದ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಬ್ರಿಟಿಷ್ ಓಪನ್ ಆಡುವಾಗ ಮೂರನೇ ಸುತ್ತಿನಲ್ಲಿ ಚೆಂಡು ಮರಳಿನ ಗುಂಡಿಯಲ್ಲಿ ಸಿಕ್ಕಿಕೊಂಡಿತು. ಹೊಡೆದ, ಬರಲಿಲ್ಲ. ಮತ್ತೆ ಹೊಡೆದ. ಸಿಟ್ಟಿಗೆದ್ದು ಚೆಂಡನ್ನು ಕೈಯಲ್ಲೇ ಎತ್ತಿಕೊಂಡು ಸ್ಪರ್ಧೆಯಿಂದ ಹೊರಬಿದ್ದ. ಗಾಲ್ಫ್‌ನ ತವರುಮನೆಯಲ್ಲಿ ಹೀಗೆ ಮಾಡಿದ್ದು ಅವರನ್ನು ಜೀವನವಿಡೀ ಕಾಡಿತು. ಅದೇ ವರ್ಷ ಅಮೆರಿಕದಲ್ಲಿ ಅವರು ಎಸೆದ ಕೋಲು ಪುಟಿದು ನೋಡಲು ಬಂದಿದ್ದ ಒಬ್ಬ ಹೆಂಗಸಿನ ಕಾಲಿಗೆ ಬಡಿಯಿತು. ಕೋಪ ಹಿಡಿತಕ್ಕೆ ಬರದಿದ್ದರೆ ಇನ್ನು ನಮ್ಮ ಪಂದ್ಯಗಳಲ್ಲಿ ಜಾಗವಿಲ್ಲ ಎಂದು ಅಮೆರಿಕದ ಗಾಲ್ಫ್ ಸಂಸ್ಥೆಯ ಅಧ್ಯಕ್ಷರೇ ಪತ್ರ ಬರೆದರು.

ಅವರು ಬದಲಾದರು. ನಡುವೆ ಓದೂ ಸಾಗಿತ್ತು. 1922ರಲ್ಲಿ ಜಾರ್ಜಿಯಾ ಟೆಕ್‌ನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ (ನಮ್ಮವರೇ ಎಂದು ಓದಿ ಖುಷಿಪಟ್ಟೆ), 1924ರಲ್ಲಿ ಹಾರ್ವರ್ಡ್‌ನಿಂದ ಇಂಗ್ಲಿಷ್ ಸಾಹಿತ್ಯ, ಆಮೇಲೆ ಕಾನೂನು. ಹೊಟ್ಟೆಪಾಡಿಗೆ ವಕೀಲಿ ಹಿಡಿದರು. ಆಟದಿಂದ ಬಹುಮಾನದ ಹಣ ಮುಟ್ಟದೆ ಅಮೆಚೂರ್ ಆಗಿಯೇ ಆಡಿದರು. 1923ರಲ್ಲಿ ಮೊದಲ ಬಾರಿಗೆ ಯು.ಎಸ್. ಓಪನ್ ಗೆದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1925, ಮೆಸಾಚುಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಯು.ಎಸ್. ಓಪನ್. ಮೊದಲ ಸುತ್ತಿನ 11ನೇ ಕುಳಿ. ಜೋನ್ಸ್ ಅವರ ಚೆಂಡು ದಿಣ್ಣೆಯ ಉದ್ದ ಹುಲ್ಲಿನಲ್ಲಿ ಕೂತಿತ್ತು. ಹೊಡೆಯಲು ನಿಂತು ಕೋಲು ಹೊಂದಿಸುವಾಗ ಕೋಲು ಹುಲ್ಲಿಗೆ ತಾಗಿ ಚೆಂಡು ಚೂರು ಅಲುಗಿತು. ನಿಯಮದಂತೆ ಒಂದು ಹೊಡೆತ ದಂಡ. ಜೊತೆಯಲ್ಲಿ ಆಡುತ್ತಿದ್ದವರು ಆಗಿನ ಕಾಲದ ದೊಡ್ಡ ಹೆಸರು, ವಾಲ್ಟರ್ ಹೇಗನ್. ಅವರು ನೋಡಿರಲಿಲ್ಲ. ಜನರೂ ನೋಡಿರಲಿಲ್ಲ, ಅಧಿಕಾರಿಗಳೂ ನೋಡಿರಲಿಲ್ಲ. ನನ್ನ ಚೆಂಡು ಅಲುಗಿತು ಎಂದು ಜೋನ್ಸ್ ಅವರೇ ಹೇಳಿದರು. ಎಲ್ಲರೂ ಬೇಡವೆಂದು ವಾದ ಮಾಡಿದರು. ಸಾಕ್ಷಿಯಿಲ್ಲದ್ದರಿಂದ ಅಧಿಕಾರಿಗಳು ತೀರ್ಮಾನವನ್ನು ಅವರಿಗೇ ಬಿಟ್ಟರು. ಅವರು ಒಂದು ಸೇರಿಸಿಕೊಂಡರು. ಆ ಸುತ್ತಿಗೆ 76 ಆಗಬೇಕಿದ್ದದ್ದು 77 ಆಯಿತು.

ನಾಲ್ಕು ಸುತ್ತು ಮುಗಿದಾಗ ಜೋನ್ಸ್ 291, ವಿಲ್ಲಿ ಮ್ಯಾಕ್‌ಫರ್ಲೇನ್ ಎಂಬವರೂ 291. ಅಂದರೆ ಆ ಒಂದು ಇಲ್ಲದಿದ್ದರೆ ಕಪ್ ಅಲ್ಲಿಗೇ ಜೋನ್ಸ್ ಅವರದು. ಸಮವಾದ್ದರಿಂದ ಮತ್ತೆ ಆಡಿಸಿದರು. ಮೊದಲ 18 ಕುಳಿಗಳಲ್ಲಿ ಇಬ್ಬರೂ 75. ಇನ್ನೂ 18 ಆಡಿಸಿದರು. ಮ್ಯಾಕ್‌ಫರ್ಲೇನ್ 72, ಜೋನ್ಸ್ 73. ಒಂದೇ ಹೊಡೆತದಲ್ಲಿ ಸೋತರು.

ಜನ ಹೊಗಳಲು ಬಂದರೆ ಅವರಿಗೆ ಇರಿಸುಮುರಿಸಾಗುತ್ತಿತ್ತು. ಬ್ಯಾಂಕ್ ದೋಚದೆ ಇದ್ದದ್ದಕ್ಕೆ ಯಾರನ್ನಾದರೂ ಹೊಗಳುತ್ತಾರೆಯೇ ಎಂಬ ಅರ್ಥದ ಮಾತು ಆಡಿದರೆಂದು ಪ್ರಸಿದ್ಧಿ. ಮರುವರ್ಷದ ಯು.ಎಸ್. ಓಪನ್‌ನಲ್ಲೂ ಗಾಳಿಗೆ ಚೆಂಡು ಅಲುಗಿದಾಗ ತಾವೇ ದಂಡ ಹಾಕಿಕೊಂಡರು. ಆ ಸಲ ಒಂದು ಹೊಡೆತದಿಂದ ಗೆದ್ದರು! 1927ರಲ್ಲಿ ಅದೇ ಸೇಂಟ್ ಆಂಡ್ರೂಸ್‌ಗೆ ಹೋಗಿ ಬ್ರಿಟಿಷ್ ಓಪನ್ ಗೆದ್ದು, ಕಪ್ ಆ ಊರಿನ ಕ್ಲಬ್ಬಿನಲ್ಲೇ ಇರಲಿ ಎಂದು ಕೇಳಿಕೊಂಡರು. 1930ರಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಓಪನ್, ಅಮೆಚೂರ್ ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದು, 28ನೇ ವಯಸ್ಸಿಗೆ ಸ್ಪರ್ಧೆಯಿಂದ ನಿವೃತ್ತರಾದರು.

ಆಮೇಲೆ ಆಗಸ್ಟಾದಲ್ಲಿ ಗೆಳೆಯರೊಂದಿಗೆ ಮೈದಾನ ಕಟ್ಟಿದರು. 1934ರಲ್ಲಿ ಅಲ್ಲಿ ಶುರುವಾದ ಪಂದ್ಯವೇ ಇಂದಿನ ಮಾಸ್ಟರ್ಸ್. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಜೋನ್ಸ್ ಬದುಕಿರುವವರೆಗೆ ಒಬ್ಬ ಕಪ್ಪು ಆಟಗಾರರೂ ಆ ಪಂದ್ಯದಲ್ಲಿ ಆಡಲಿಲ್ಲ. 1975ರಲ್ಲಿ ಲೀ ಎಲ್ಡರ್ ಮೊದಲಿಗರಾದರು. ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯರು ಸೇರಿದ್ದು 1990ರಲ್ಲಿ. ಹುಲ್ಲಿನೊಳಗೆ ಚೂರು ಅಲುಗಿದ ಚೆಂಡನ್ನು ಕಂಡ ಕಣ್ಣು ಇದನ್ನು ಏಕೆ ಕಾಣಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

1968ರಲ್ಲಿ ಅವರದೇ ಪಂದ್ಯದಲ್ಲಿ ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ ಅವರು ಕೊನೆಯ ಸುತ್ತು 65 ಹೊಡೆತಗಳಲ್ಲಿ ಮುಗಿಸಿದರು. ಅಂದು ಅವರ ಹುಟ್ಟುಹಬ್ಬ. ಕಾರ್ಡ್ ಬರೆದ ಜೊತೆಗಾರರು 17ನೇ ಕುಳಿಗೆ 3ರ ಬದಲು 4 ಬರೆದಿದ್ದರು. ಇವರು ನೋಡದೆ ಸಹಿ ಹಾಕಿದರು. ಲೆಕ್ಕ 66 ಎಂದು ನಿಂತು, ಒಂದು ಹೊಡೆತದಲ್ಲಿ ಕಪ್ ತಪ್ಪಿತು. ಕಾಯಿಲೆಯಲ್ಲಿದ್ದ ಜೋನ್ಸ್ ಅವರ ಮುಂದೆಯೂ ವಿಷಯ ಹೋಯಿತು. ಅವರಿಗೂ ಬೇರೆ ದಾರಿ ಕಾಣಲಿಲ್ಲ. ಡಿ ವಿಸೆಂಜೊ ಜೊತೆಗಾರರನ್ನು ದೂರಲಿಲ್ಲ, ತಪ್ಪು ತನ್ನದೇ ಎಂದರು. ಬೆನ್ನುಹುರಿಯ ಕಾಯಿಲೆಯಿಂದ ವರ್ಷಗಟ್ಟಲೆ ಗಾಲಿಕುರ್ಚಿಯಲ್ಲಿದ್ದ ಜೋನ್ಸ್ 1971ರ ಡಿಸೆಂಬರ್ 18ರಂದು ತೀರಿಕೊಂಡರು. ಸೇಂಟ್ ಆಂಡ್ರೂಸ್ ಹಳೆಯ ಮೈದಾನದ 10ನೇ ಕುಳಿಗೆ ಈಗ ಅವರದೇ ಹೆಸರು.

ಇನ್ನು ಕಾರಣ. 2003ರಲ್ಲಿ ನಾನು ಒಂಬತ್ತನೇ ತರಗತಿ. ಭದ್ರಾವತಿಯಲ್ಲಿ ಅಂತರಶಾಲಾ ಕ್ರಿಕೆಟ್ ಪಂದ್ಯ, ಕಾರ್ಕ್ ಬಾಲ್. ನಾನು 4 ರನ್ ಹೊಡೆದಿದ್ದಾಗ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈಗೆ ಹೋಯಿತು. ಆ ಹುಡುಗರು ಕೂಗಿದರು. ರಸ್ತೆಯಲ್ಲಿ ಲಾರಿಯ ಹಾರ್ನ್, ಅಂಪೈರ್ ಆಗಿದ್ದ ನಮ್ಮ ಪಿ.ಟಿ. ಮೇಷ್ಟ್ರಿಗೆ ಸದ್ದು ಕೇಳಿಸಲಿಲ್ಲ. ತಾಗಿತಾ ಎಂಬಂತೆ ನನ್ನ ಮುಖ ನೋಡಿದರು. ನಾನು ಗ್ಲೌಸ್ ಸರಿಮಾಡಿಕೊಳ್ಳುತ್ತಾ ನಿಂತೆ. 31 ಹೊಡೆದೆ, ಗೆದ್ದೆವು.

ಸಂಜೆ ಶಿವಮೊಗ್ಗದ ಕಡೆ ಬರುವ ಬಸ್ಸಿನಲ್ಲಿ ಮೇಷ್ಟ್ರು ಖುಷಿಯಾಗಿ, ಇದೇ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಕಥೆ ಹೇಳಿದರು. 1980ರ ಬೊಂಬಾಯಿ ಟೆಸ್ಟ್, ಅದೂ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಪಂದ್ಯವೇ. ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿತ್ತು. ಬಾಬ್ ಟೇಲರ್ ಅವರಿಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಾಯಕ ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಕಥೆ ಮುಗಿಯುವವರೆಗೆ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಮೇಷ್ಟ್ರು ಈಗ ನಿವೃತ್ತರು. ಈ ಸಂಚಿಕೆ ಅವರ ಕೈ ಸೇರುತ್ತದೆ. ಶಾಲೆಯ ಕ್ರೀಡಾ ದಾಖಲೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿರುವ 31ನ್ನು ಹೊಡೆದುಹಾಕಿ, 4 ಎಂದು ತಿದ್ದಬೇಕಾಗಿ ಮುಖ್ಯೋಪಾಧ್ಯಾಯರಲ್ಲಿ ವಿನಂತಿಸುತ್ತೇನೆ.