ಬಾಂಬು ಮಾಡಿದಾಗ ಮಂತ್ರಿಯಲ್ಲ, ಮಂತ್ರಿಯಾದಾಗ ಹತ್ತೇ ತಿಂಗಳು

ಮಂತ್ರಿಯಾಗೋದಕ್ಕೆ ನಮ್ಮ ಕಡೆ ಗೊತ್ತಿರೋ ದಾರಿ ಒಂದೇ. ಊರೂರು ತಿರುಗಬೇಕು, ಕೈಮುಗಿದು ಓಟು ಕೇಳಬೇಕು. ರಾಮನಗರದ ಕೆಂಗಲ್ ಹನುಮಂತಯ್ಯನವರು ಹಾಗೇ 1952ರಲ್ಲಿ ಮುಖ್ಯಮಂತ್ರಿಯಾದರು. ಮುಂದೆ ದಿಲ್ಲಿಯಲ್ಲಿ ರೈಲ್ವೆ ಮಂತ್ರಿಯೂ ಆದರು. ಆದರೆ ಮಾಗಡಿಯಾಚೆ, ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರ ದಾರಿಯೇ ಬೇರೆ. ಅವರು ದಿಲ್ಲಿಯ ಮಂತ್ರಿಯಾದದ್ದು ಪ್ರಯೋಗಶಾಲೆಯ ಕಡೆಯಿಂದ.

ಹುಟ್ಟಿದ್ದು 1925ರ ಜನವರಿ 28. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದವರು. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು. ಓದಿನಷ್ಟೇ ಹುಚ್ಚು ಪಿಯಾನೋ ಮೇಲೆ. ಹೋಮಿ ಭಾಭಾ ಅವರ ಪರಿಚಯ ಆದದ್ದೂ ಸಂಗೀತದ ನೆಪದಲ್ಲೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್‌ಡಿ ಮುಗಿಸಿ ಬಂದವರು 1949ರಲ್ಲಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ ಸೇರಿದರು. ದೇಶದ ಮೊದಲ ಪರಮಾಣು ರಿಯಾಕ್ಟರ್ 'ಅಪ್ಸರಾ' 1956ರಲ್ಲಿ ಚಾಲೂ ಆದಾಗ ಆ ತಂಡದಲ್ಲಿದ್ದರು. ಮಾರನೇ ವರ್ಷ ಟ್ರಾಂಬೆಯಲ್ಲಿ ಎಳೆ ವಿಜ್ಞಾನಿಗಳಿಗೆ ತರಬೇತಿ ಶಾಲೆ ಕಟ್ಟುವುದರಲ್ಲೂ ಅವರದೇ ಮುಂದಾಳತ್ವ.

1972ರಲ್ಲಿ ಭಾಭಾ ಪರಮಾಣು ಕೇಂದ್ರದ ನಿರ್ದೇಶಕರಾದರು. 1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ ನೆಲದಡಿ ಸ್ಫೋಟ. ಸಂಪುಟದ ಬಹುಪಾಲು ಮಂತ್ರಿಗಳಿಗೇ ಮುಂಚೆ ಗೊತ್ತಿರದ ಗುಟ್ಟು ರಾಮಣ್ಣನವರಿಗೆ ಗೊತ್ತಿತ್ತು! ಯಾಕಂದ್ರೆ ಕೆಲಸ ಮಾಡಿಸಿದವರೇ ಅವರು. ಸರ್ಕಾರ ಅದಕ್ಕೆ ಶಾಂತಿಯುತ ಸ್ಫೋಟ ಅಂತ ಹೆಸರಿಟ್ಟಿತು. ಹೊರಗಿನವರು ನಂಬಲಿಲ್ಲ. ಕೆನಡಾ ನೆರವು ನಿಲ್ಲಿಸಿತು, ದೊಡ್ಡ ದೇಶಗಳು ಪರಮಾಣು ಸಾಮಾನು ಕೊಡೋದಕ್ಕೆ ಬೇಲಿ ಹಾಕಿದವು. ಅದು ಬಾಂಬೇ ಹೌದು ಅಂತ ರಾಮಣ್ಣನವರು ಬಾಯಿಬಿಟ್ಟು ಹೇಳಿದ್ದು 1997ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ.

1983ರಿಂದ 87ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷಗಿರಿ. ಕೈಗಾ ಯೋಜನೆ ರೂಪುಗೊಂಡದ್ದು ಆ ಕಾಲದಲ್ಲೇ. ಪೋಖ್ರಾನ್ ಗುಟ್ಟಾಗಿ ಮುಗಿದಿತ್ತು, ಕೈಗಾ ಹಾಗೆ ಮುಗಿಯಲಿಲ್ಲ. 1986ರಲ್ಲಿ ಚೆರ್ನೋಬಿಲ್ ರಿಯಾಕ್ಟರ್ ಸಿಡಿದ ಸುದ್ದಿ ಕೇಳಿದ ಉತ್ತರ ಕನ್ನಡದ ಜನ ಕಾಡು, ಹೊಳೆ, ಮಕ್ಕಳ ಗತಿ ಏನು ಅಂತ ಕೇಳಿದರು. ಶಿವರಾಮ ಕಾರಂತರು ಇದೇ ವಿಷಯ ಹಿಡಿದು 1989ರಲ್ಲಿ ಲೋಕಸಭೆಗೆ ನಿಂತರು, ಸೋತರು. ರಾಮಣ್ಣನವರು ಮಾತ್ರ ಅಣುವಿದ್ಯುತ್ ಬೇಕೇ ಬೇಕು ಅನ್ನೋ ಪಟ್ಟು ಸಡಿಲಿಸಲಿಲ್ಲ. 2000ದಿಂದ ಕೈಗಾ ಕರೆಂಟು ಕೊಡುತ್ತಿದೆ. ಜನ ಕೇಳಿದ ಪ್ರಶ್ನೆಯೂ ಇನ್ನೂ ಉಳಿದಿದೆ.

1990ರ ಜನವರಿಯಲ್ಲಿ ವಿ.ಪಿ. ಸಿಂಗ್ ಅವರನ್ನು ರಕ್ಷಣಾ ಖಾತೆಯ ರಾಜ್ಯ ಮಂತ್ರಿ ಮಾಡಿದರು. ನವೆಂಬರಿನಲ್ಲಿ ಸರ್ಕಾರವೇ ಬಿತ್ತು. ಮಂತ್ರಿಗಿರಿ ಹತ್ತು ತಿಂಗಳೂ ತುಂಬಲಿಲ್ಲ. ಆಮೇಲೆ 1997ರಿಂದ ಆರು ವರ್ಷ ರಾಜ್ಯಸಭೆಯ ನಾಮಕರಣ ಸದಸ್ಯರು. ಬೆಂಗಳೂರಿನಲ್ಲಿ ಉನ್ನತ ಅಧ್ಯಯನ ಸಂಸ್ಥೆ ಕಟ್ಟಿದರು, ಸಂಗೀತದ ಮೇಲೆ ಪುಸ್ತಕ ಬರೆದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ತೀರಿಕೊಂಡರು.

ಮಂತ್ರಿಯಾದವರನ್ನು ಐದು ವರ್ಷಕ್ಕೊಮ್ಮೆಯಾದರೂ ಜನ ನಿಲ್ಲಿಸಿ ಕೇಳಬಹುದು. ಆದರೆ ರಾಮಣ್ಣನವರು ದೇಶದ ದಿಕ್ಕು ಬದಲಿಸಿದ್ದು ಯಾರೂ ಕೇಳಲಾಗದ ಜಾಗದಲ್ಲಿ ಕೂತು. ಅವರ ಜಾಣತನಕ್ಕೆ ಕೈಮುಗಿಯೋ ಹೊತ್ತಿನಲ್ಲಿ ಇದನ್ನೂ ನೆನೆಯಬೇಕು.